ಅಗಾಯ್ ಯಾರ ಕಡೆ ನೋಡುತ್ತಾರೆ

ರೊಟ್ಟಿ ಅಂಗಡಿಯ ಮುಂದೆ ಸಾಬಿರಾ ಕೇಳಿದ ಪ್ರಶ್ನೆ ಬುರುಲ್ಸುನ್‌ಗೆ ಮೊದಲು ಕಷ್ಟದ್ದೆಂದು ಅನ್ನಿಸಲೇ ಇಲ್ಲ. ನಾರಿನ್ ನದಿಯ ಕಡೆಯಿಂದ ಗಾಳಿ ಬೀಸುತ್ತಿತ್ತು. ಹೆಂಗಸರೆಲ್ಲ ಗಾಳಿಗೆ ಬೆನ್ನು ಕೊಟ್ಟು, ಬಿಸಿ ರೊಟ್ಟಿ ಹೊರಬರುವ ಪುಟ್ಟ ಕಿಟಕಿಯತ್ತ ಮುಖ ಮಾಡಿ ನಿಂತಿದ್ದರು. ಸಾಬಿರಾ ಬಜಾರಿನ ಹಿಂದಿನ ಕೋಣೆಯೊಂದರಲ್ಲಿ ಶಾಲೆಯ ಮಕ್ಕಳ ಯೂನಿಫಾರ್ಮ್ ಹೊಲಿಯುವವಳು. ಅವಳ ಮಗಳು ಪೆರಿಜಾತ್ ಶಾಲೆಯ ಹುಡುಗಿಯರ ಕುಸ್ತಿ ತಂಡದಲ್ಲಿದ್ದಳು; ಬುರುಲ್ಸುನ್ ಆ ತಂಡಕ್ಕೆ ಎರಡನೆಯ ಕೋಚ್. ಸಾಬಿರಾ ಸಾಲು ಬಿಟ್ಟು ಹತ್ತಿರ ಬಂದು, ಬಟ್ಟೆಯ ಅಳತೆ ಕೇಳುವಷ್ಟೇ ಸಹಜವಾದ ದನಿಯಲ್ಲಿ, "ತಂಗೀ, ನೀನೂ ಹೆಣ್ಣು. ದಿನಾ ಅಲ್ಲೇ ಇರ್ತೀಯ. ನಿಜ ಹೇಳು. ಆ ನಿಮ್ಮ ದೊಡ್ಡ ಕೋಚ್ ನನ್ನ ಮಗಳಿಗೆ ಕಲಿಸ್ತಿದ್ದಾನಾ, ಇಲ್ಲಾ ಕಾಡ್ತಿದ್ದಾನಾ?" ಎಂದಳು. ತಂಗೀ ಎಂದವಳನ್ನು ಎಜೆ, ಅಕ್ಕಾ, ಎಂದೇ ಕರೆಯುತ್ತ ಬುರುಲ್ಸುನ್ ನಕ್ಕಳು. "ಕುಸ್ತಿ ಅಲ್ವಾ ಸಾಬಿರಾ ಎಜೆ? ಅಲ್ಲಿ ಯಾರೂ ತಲೆ ಸವರಿ ಕೂರಿಸಲ್ಲ." ಆ ನಗುವಿಗೆ ಸಾಬಿರಾ ಜೊತೆಗೂಡಲಿಲ್ಲ. "ನಂಗೂ ಗೊತ್ತಮ್ಮಾ. ಮೈಮೇಲೆ ನೀಲಿಗಟ್ಟಿದ್ರೆ ನಾನು ಕೇಳೋಕೆ ಬರ್ತಿರ್ಲಿಲ್ಲ, ಎಣ್ಣೆ ಹಚ್ಚಿ ಕಳಿಸ್ತಿದ್ದೆ. ನಿನ್ನೆ ಊಟದ ಹೊತ್ತಿಗೆ ನನ್ನ ಅತ್ತೆ ಬಂದಿದ್ರು ಅಂತ ಚಹಾ ಕಾಯಿಸೋ ಸಮೊವಾರ್ ತಂದು ಮಧ್ಯಕ್ಕಿಟ್ಟೆ. ಹುಡುಗಿ ಎದ್ದು ಹೋದ್ಳು. ಬಾಗ್ಲು ಹಾಕ್ಕೊಂಡ್ಳು. ಅಜ್ಜಿ ಕರೆದ್ರೂ ಬರ್ಲಿಲ್ಲ. ಆ ಹಿತ್ತಾಳೆ ಪಾತ್ರೆ ಏನು ಮಾಡ್ತು ಅವಳಿಗೆ, ಹೇಳು?" ಬುರುಲ್ಸುನ್‌ಗೆ ಉತ್ತರ ಗೊತ್ತಿತ್ತು. ಕಿಟಕಿಯೊಳಗಿಂದ ಚಾಚಿದ ಕೈಯಿಂದ ರೊಟ್ಟಿ ಇಸಿದುಕೊಂಡು, "ವಯಸ್ಸು ಎಜೆ. ಆ ವಯಸ್ಸೇ ಹಾಗೆ" ಎಂದಳು. ಎಂದ ಮೇಲೆ, ಎಷ್ಟು ಸಲೀಸಾಗಿ ಬಂತಲ್ಲ ಎಂದು ತನ್ನ ಬಾಯಿಯ ಬಗ್ಗೆ ತಾನೇ ಬೆರಗಾದಳು.

ಸೇತುವೆ ದಾಟುವಾಗ ರೊಟ್ಟಿಯ ಶಾಖ ಕೋಟಿನೊಳಗೆ ಎದೆಗೆ ತಾಗುತ್ತಿತ್ತು. ಸಮೊವಾರ್ ಎಂದು ಆ ಹುಡುಗಿಗೆ ಹೆಸರಿಟ್ಟದ್ದು ತಂಡದ ಮುಖ್ಯ ಕೋಚ್ ತೊಲೊಗೊನ್ ಅಗಾಯ್, ಎಂದರೆ ತೊಲೊಗೊನ್ ಮೇಷ್ಟ್ರು. ಈ ವರ್ಷ ಶಾಲೆ ಶುರುವಾದ ಹೊಸತರಲ್ಲಿ. ಪೆರಿಜಾತ್ ಗಿಡ್ಡನೆಯ, ಅಗಲ ಸೊಂಟದ, ಬೇಗ ಕೆಂಪಾಗುವ ಹುಡುಗಿ. ಸೋತರೆ ಮೊದಲು ಕಿವಿ ಕೆಂಪಾಗಿ, ಆಮೇಲೆ ಕೆನ್ನೆ ಕೆಂಪಾಗಿ, ಕೊನೆಗೆ ಕಣ್ಣಿನಲ್ಲಿ ನೀರು. "ನೋಡ್ರೇ, ನೋಡ್ರೇ, ಸಮೊವಾರ್ ಕುದಿಯೋಕೆ ಶುರುವಾಯ್ತು!" ಎಂದಿದ್ದರು ಅಗಾಯ್. ಗರಡಿಯ ಹುಡುಗಿಯರೆಲ್ಲ ನಕ್ಕಿದ್ದರು. ನಗು ಇನ್ನೇನು ಆರಬೇಕು ಎನ್ನುವಾಗ ಬುರುಲ್ಸುನ್, "ಚಹಾಪುಡಿ ಹಾಕ್ಲಾ ಅಗಾಯ್?" ಎಂದಿದ್ದಳು. ಆಗ ಎದ್ದ ನಗು ಮೊದಲಿನದಕ್ಕಿಂತ ದೊಡ್ಡದು. ಅಗಾಯ್ ಸಂತೋಷ ತಡೆಯಲಾರದೆ ಅವಳ ಬೆನ್ನಿಗೆ ಅಂಗೈಯಿಂದ ಒಂದು ಏಟು ಕೊಟ್ಟಿದ್ದರು. ಆ ಏಟಿನ ಬಿಸುಪು ಸಂಜೆಯವರೆಗೂ ಬೆನ್ನಿನಲ್ಲಿ ಉಳಿದಿತ್ತಲ್ಲ, ಈ ರೊಟ್ಟಿಯ ಹಾಗೆ, ಎಂದುಕೊಂಡಾಗ ರೊಟ್ಟಿಯನ್ನು ಕೋಟಿನಿಂದ ಹೊರತೆಗೆದು ಕೈಯಲ್ಲಿ ಹಿಡಿದು ನಡೆದಳು. ಕಲಿಸುವುದು, ಕಾಡುವುದು. ಎರಡು ಬೇರೆ ಬೇರೆ ಊರುಗಳೆಂದೂ ನಡುವೆ ಕಣ್ಣಿಗೆ ಕಾಣುವ ಗಡಿಗಲ್ಲೊಂದು ಇದೆಯೆಂದೂ ಸಾಬಿರಾ ನಂಬಿದಂತಿತ್ತು. ಇದ್ದರೆ ಅದು ಎಲ್ಲಿದೆ? ತಾನು ದಿನವೂ ಅದರ ಮೇಲೆ ಕಾಲಿಟ್ಟು ಓಡಾಡಿಯೂ ನೋಡಿಲ್ಲವೇ? ಅವಮಾನಕ್ಕಿಂತ ಹೆಚ್ಚಾಗಿ ಅವಳಿಗೆ ಆದದ್ದು ಒಂದು ಬಗೆಯ ಕುತೂಹಲ. ಶಾಲೆಯಲ್ಲಿದ್ದಾಗ ಜೀವಶಾಸ್ತ್ರದ ಮೇಡಮ್ ಮೀನಿನ ಹೊಟ್ಟೆ ಸೀಳಿ, ಗಾಳಿಚೀಲ ಯಾವುದು ಹೇಳು ಎಂದಾಗ ಬಗ್ಗಿ ನೋಡಿದಂತೆ.

ಅವಳ ಹೆಸರನ್ನೇ ತೆಗೆದುಕೊಳ್ಳಿ. ಮೂರು ಹೆಣ್ಣಾದ ಮೇಲೆ ನಾಲ್ಕನೆಯದೂ ಹೆಣ್ಣಾದಾಗ ಅಪ್ಪ ಇಟ್ಟ ಹೆಸರು ಬುರುಲ್ಸುನ್: ತಿರುಗಲಿ, ಇನ್ನಾದರೂ ಗಂಡಿನ ಕಡೆಗೆ ತಿರುಗಲಿ ಎಂದು. ಆಮೇಲೆ ಹುಟ್ಟಿದ್ದು ಗಂಡೇ. ಹಾಗಾಗಿ ಹೆಸರು ಮಾಡಬೇಕಾದ ಕೆಲಸ ಮಾಡಿ ಮುಗಿಸಿತ್ತು, ಹುಡುಗಿ ಮಾತ್ರ ಅದನ್ನು ಹೊತ್ತುಕೊಂಡು ಉಳಿದಿದ್ದಳು. ಹದಿನಾಲ್ಕರ ವಯಸ್ಸಿನಲ್ಲಿ ಇದೇ ಗರಡಿಗೆ ಬಂದ ದಿನ ತೊಲೊಗೊನ್ ಅಗಾಯ್ ಹೆಸರು ಕೇಳಿ, ಹುಬ್ಬೆತ್ತಿ, "ಓ! ಅಪ್ಪನ ತಪ್ಪು" ಎಂದರು. ಅಂದಿನಿಂದ ಆರು ವರ್ಷ ಅದೇ ಹೆಸರು. ಅಪ್ಪನ ತಪ್ಪೇ, ಓಡು. ಅಪ್ಪನ ತಪ್ಪೇ, ಎದುರಾಳಿ ಬೆನ್ನು ಹತ್ತಿದ್ದಾಳೆ, ನಿದ್ದೆ ಮಾಡ್ತೀಯಾ? ತಾಷ್ಕೆಂಟಿನಲ್ಲಿ ಕಂಚು ಗೆದ್ದು ಕೆಳಗಿಳಿದಾಗ, "ಈ ಸಲ ತಪ್ಪು ಅಪ್ಪಂದಲ್ಲ, ಆ ಉಜ್ಬೆಕ್ ಹುಡುಗಿದು!" ಎಂದು ತಬ್ಬಿಕೊಂಡಿದ್ದರು, ಆಗ ಅವಳಿಗೆ ಅಳು ಬರುವಷ್ಟು ಹೆಮ್ಮೆಯಾಗಿತ್ತು. ಇದೇ ಮನುಷ್ಯ ಒಂದು ಚಳಿಗಾಲ ಮೊಣಕಾಲು ತಿರುಚಿಕೊಂಡ ಅವಳನ್ನು ಬೆನ್ನ ಮೇಲೆ ಹೊತ್ತು, ಹಿಮದಲ್ಲಿ ಜಾರುತ್ತ, ಆಸ್ಪತ್ರೆಯವರೆಗೆ ಬಯ್ಯುತ್ತಲೇ ನಡೆದಿದ್ದರು. ಇದೇ ಮನುಷ್ಯ ಕಾಲು ಹಿಡಿಯುವ ಪಟ್ಟು ಬರಲಿಲ್ಲವೆಂದು ಅವಳನ್ನು ಒಬ್ಬಳನ್ನೇ ಉಳಿಸಿಕೊಂಡು, ಮತ್ತೆ, ಮತ್ತೆ, ಇನ್ನೊಂದ್ಸಲ, ಎಂದು ಅವಳು ವಾಂತಿ ಮಾಡಿಕೊಳ್ಳುವವರೆಗೆ ಮಾಡಿಸಿದ್ದರು. ಆ ದಿನದ ಬಗ್ಗೆ ಅವಳಿಗೆ ಒಂದಿಷ್ಟೂ ಸಿಟ್ಟಿಲ್ಲ ಎನ್ನುವುದು ಈಗ, ಶಾಲೆಯ ಗೇಟಿನ ಹತ್ತಿರ, ಮೊದಲ ಬಾರಿಗೆ ವಿಚಿತ್ರವಾಗಿ ಕಂಡಿತು. ವಾಂತಿ ಮಾಡಿಸಿದ ದಿನ ನೆನೆದರೆ ಮೈ ಹಗುರ. ಮೈ ಮುಟ್ಟದ ಒಂದು ಹೆಸರು ನೆನೆದರೆ, ಇಷ್ಟು ವರ್ಷದ ಮೇಲೂ, ತಲೆ ತಗ್ಗಿಸಿ ನಡೆಯುವಂತಾಗುತ್ತದೆ.

ಇವತ್ತು ಬರೀ ನೋಡೋಣ, ಎಂದುಕೊಂಡಳು.

ಗರಡಿ ಎಂದರೆ ಹಿಂದೆ ಸಾಮೂಹಿಕ ಬೇಸಾಯದ ಕಾಲದಲ್ಲಿ ಕ್ಲಬ್ ಆಗಿದ್ದ ಕಟ್ಟಡ. ವೇದಿಕೆ ಈಗಲೂ ಇದೆ. ಅದರ ಮೇಲೆ ಮುರಿದ ಬೆಂಚುಗಳು, ಹಗ್ಗಗಳು, ಉಣ್ಣೆ ತೂಗುತ್ತಿದ್ದ ಹಳೆಯ ಕಬ್ಬಿಣದ ತೂಕದ ಯಂತ್ರ. ಕೆಳಗೆ ಹಳದಿ ನೀಲಿ ಮ್ಯಾಟ್. ಮಧ್ಯಾಹ್ನದ ಪಾಠ ಮುಗಿಸಿ ಹುಡುಗಿಯರು ಬಂದಾಗ ಅಗಾಯ್ ಆಗಲೇ ಮ್ಯಾಟಿನ ಅಂಚಿನಲ್ಲಿ ಬಿಳಿ ಕಲ್ಪಾಕ್ ಟೋಪಿ ಹಾಕಿಕೊಂಡು ನಿಂತಿದ್ದರು. ಅವರ ಬಲಗಿವಿ ಹಳೆಯ ಕುಸ್ತಿಗಳಲ್ಲಿ ಜಜ್ಜಿ ಒಣ ಏಪ್ರಿಕಾಟ್‌ನಂತಾಗಿತ್ತು. "ಬಂದ್ರಾ ಮಹಾರಾಣಿಯರು? ನಿಮ್ಮ ಕುದುರೆಗಳನ್ನ ಕಟ್ಟಿಹಾಕ್ಲಾ? ಓಡ್ರೇ!" ಹುಡುಗಿಯರು ಓಡಿದರು, ಬಾತುಕೋಳಿಯಂತೆ ಕುಕ್ಕರಗಾಲಲ್ಲಿ ನಡೆದರು, ಕತ್ತಿನ ಮೇಲೆ ಭಾರ ಹಾಕಿ ಕಮಾನಾದರು. ಯಾರೋ ಒಬ್ಬಳು ನಡುವೆ ಕುಸಿದಾಗ ಅಗಾಯ್ ಅವಳ ಪಕ್ಕ ಮಂಡಿಯೂರಿ, "ನಿನ್ನಜ್ಜಿ ಇದಕ್ಕಿಂತ ಜಾಸ್ತಿ ಹೊತ್ತು ಬಗ್ಗಿ ಹಾಲು ಕರೀತಾಳೆ. ಏಳು, ಏಳು, ಕತ್ತು ಒಳಗೆ ತಗೋ" ಎಂದು ಅವಳ ಕತ್ತಿನ ಕೆಳಗೆ ಎರಡು ಬೆರಳಿಟ್ಟರು. ಹುಡುಗಿ ನರಳುತ್ತ ಎದ್ದಳು. ಇದು ಕಾಟವಲ್ಲ, ಎಂದುಕೊಂಡಳು ಬುರುಲ್ಸುನ್. ಬಯ್ಗುಳವಂತೂ ಹೌದು. ಅಜ್ಜಿಯನ್ನೂ ಎಳೆದು ತಂದರು. ಆದರೂ ಅಲ್ಲ. ಏಕೆ ಅಲ್ಲ ಎಂದು ಯಾರಾದರೂ ಕೇಳಿದ್ದರೆ ಅವಳಲ್ಲಿ ಉತ್ತರವಿರಲಿಲ್ಲ. ಉಪ್ಪು ಹೆಚ್ಚಾಗಿದೆಯೋ ಇಲ್ಲವೋ ನಾಲಿಗೆಗೆ ಗೊತ್ತಾಗುವಂತೆ ಗೊತ್ತಾಗಿತ್ತು, ಅಷ್ಟೆ.

ಆಮೇಲೆ ಪೆರಿಜಾತಳ ಸರದಿ. ಮುಂದಿನ ವಾರ ಪ್ರಾಂತದ ಆಯ್ಕೆ ಇತ್ತು, ಅವಳ ತೂಕದಲ್ಲಿ ಅವಳನ್ನು ಬಿಟ್ಟರೆ ಬೇರೆ ಯಾರೂ ಇರಲಿಲ್ಲ. ಅಗಾಯ್ ಅವಳನ್ನು ನಡುವೆ ನಿಲ್ಲಿಸಿ ಒಬ್ಬಳಾದ ಮೇಲೆ ಒಬ್ಬಳನ್ನು, ದಣಿಯದವರನ್ನು, ಅವಳ ಮೇಲೆ ಬಿಟ್ಟರು. ಎರಡನೆಯವಳ ಹೊತ್ತಿಗೆ ಹುಡುಗಿಯ ಕಿವಿ ಕೆಂಪಾಯಿತು. ಮೂರನೆಯವಳು ಅವಳನ್ನು ಬೀಳಿಸಿದಳು. "ಸೊಂಟ ಇಳ್ಸೇ! ಸೊಂಟ ಆಕಾಶದಲ್ಲಿಟ್ಕೊಂಡು ಯಾರ ಕಾಲು ಹಿಡೀತೀಯ? ಇನ್ನೊಮ್ಮೆ! ಅಳ್ತಾನೇ ಮಾಡು, ಪರ್ವಾಗಿಲ್ಲ, ಅಳೋಕೆ ಕಣ್ಣು ಸಾಕು, ಸೊಂಟ ಯಾಕೆ ಬೇಕು? ಇಳ್ಸು!" ಹುಡುಗಿ ಅಳುತ್ತಲೇ ಬಗ್ಗಿದಳು, ಅಳುತ್ತಲೇ ನುಗ್ಗಿದಳು, ನಾಲ್ಕನೆಯವಳ ಕಾಲು ಸಿಕ್ಕಿತು, ಇಬ್ಬರೂ ಧೊಪ್ಪೆಂದು ಉರುಳಿದರು. "ಹಾಂ!" ಎಂದರು ಅಗಾಯ್, ಹಸಿದವನ ಬಾಯಿಗೆ ತುತ್ತು ಬಿದ್ದಂತೆ. ಬುರುಲ್ಸುನ್ ಆಗ ಅವರನ್ನೇ ನೋಡುತ್ತಿದ್ದಳು. ಅವರ ಇಡೀ ಮೈ ಹುಡುಗಿಯ ಜೊತೆ ಬಗ್ಗಿತ್ತು. ಅವರ ಕಣ್ಣು ಹುಡುಗಿಯ ಸೊಂಟಕ್ಕೆ ಹೊಲಿದಿಟ್ಟಂತೆ ಇತ್ತು. ವೇದಿಕೆಯ ಮೇಲಿಂದ ಬೆಂಚೊಂದು ಜಾರಿ ಸದ್ದಾದರೂ ಅತ್ತ ಹೊರಳಲಿಲ್ಲ. ಅವಳಿಗೆ ತಟ್ಟನೆ ತನ್ನ ವಾಂತಿಯ ದಿನ ಕಂಡಿತು: ಕಿಟಕಿಯ ಹೊರಗೆ ಆ ವರ್ಷದ ಮೊದಲ ಹಿಮ ಬೀಳುತ್ತಿದ್ದದ್ದು, ತಾನು ನೋಡಿದ್ದು, ಅವರು ನೋಡದೇ ಇದ್ದದ್ದು. ನನ್ನ ಮೊಣಕಾಲು ಬಿಟ್ಟರೆ ಅವರಿಗೆ ಆ ಹೊತ್ತು ಜಗತ್ತಿನಲ್ಲಿ ಏನೂ ಇರಲಿಲ್ಲ. ಒಬ್ಬ ಮನುಷ್ಯ ನಿಮ್ಮ ಮೊಣಕಾಲನ್ನು ಅಷ್ಟು ಹೊತ್ತು, ಅಷ್ಟು ಗಮನವಿಟ್ಟು ನೋಡಿದರೆ ಅವನ ಮೇಲೆ ಹೇಗೆ ಸಿಟ್ಟಾಗುವುದು? ಮನೆಯಲ್ಲಿ ಯಾರೂ ಅವಳನ್ನು ಅಷ್ಟು ಹೊತ್ತು ನೋಡಿರಲಿಲ್ಲ.

ಬಾಗಿಲು ತೆರೆದು ತಣ್ಣನೆಯ ಗಾಳಿಯ ಜೊತೆ ಹುಡುಗರ ತಂಡ ಒಳಗೆ ಬಂತು. ಅವರ ಪಾಳಿ ಆಮೇಲೆ. ಬೇಗ ಬಂದು ಗೋಡೆಗೆ ಒರಗಿ, ಸೂರ್ಯಕಾಂತಿ ಬೀಜ ಕಡಿಯುತ್ತ ಹುಡುಗಿಯರನ್ನು ನೋಡುವುದು ಅವರ ರೂಢಿ. ಆಗ ಅದು ಆಯಿತು. ಇಷ್ಟು ವರ್ಷ ದಿನವೂ ಆಗಿದ್ದದ್ದೇ, ಅವಳು ಕಂಡದ್ದು ಇವತ್ತು. ಅಗಾಯ್ ಅವರ ಕಣ್ಣು ಹುಡುಗಿಯ ಸೊಂಟ ಬಿಟ್ಟಿತು. ಗೋಡೆಯ ಬಳಿ ಹೋಗಿ ಹುಡುಗರ ಮುಖಗಳನ್ನು ಒಂದೊಂದಾಗಿ ಮುಟ್ಟಿ ಬಂತು. ಮೈ ನೆಟ್ಟಗಾಯಿತು. ದನಿ ಬೇರೆಯಾಯಿತು, ಎತ್ತರವೇನೂ ಆಗಲಿಲ್ಲ, ಸ್ವಲ್ಪ ಇಂಪಾಯಿತು. "ಸಾಕು. ಬಾ ಇಲ್ಲಿ, ತೂಕ ನೋಡೋಣ. ಮುಂದಿನ ವಾರ ನಿನ್ನನ್ನ ಬಸ್ಸಲ್ಲಿ ಕೂರಿಸಿದ್ರೆ ಟೈರ್ ಉಳಿಯುತ್ತೋ ಇಲ್ವೋ." ಪೆರಿಜಾತ್ ಬೆವರು ಒರೆಸಿಕೊಳ್ಳುತ್ತ ವೇದಿಕೆ ಹತ್ತಿದಳು. ಯಂತ್ರದ ಮೇಲೆ ನಿಂತಳು. ಬೆವರಿಗೆ ಅಂಟಿದ ಬಿಗಿ ಬಟ್ಟೆಯಲ್ಲಿ, ಎತ್ತರದಲ್ಲಿ, ಎಲ್ಲರ ಕಡೆ ಮುಖ ಮಾಡಿ. ಅಗಾಯ್ ಯಂತ್ರದ ತೂಕದ ಗುಂಡನ್ನು ಸರಿಸಿದರು. "ಇದು ಕಿಲೋ ತೋರಿಸ್ತಿಲ್ಲ ಕಣ್ರೋ. ಸಮೊವಾರನ್ನ ಕಿಲೋದಲ್ಲಿ ಅಳೀತಾರಾ? ಎಷ್ಟು ಲೀಟರ್ ಹಿಡಿಯುತ್ತೆ ಕೇಳಿ!" ಹುಡುಗರು ನಕ್ಕರು, ಒಬ್ಬ ಸೀಟಿ ಹೊಡೆದ. ಹುಡುಗಿಯರು ನಕ್ಕರು. ಅಗಾಯ್ ಅವರ ಕಣ್ಣು ಆ ನಗುಗಳನ್ನೆಲ್ಲ ಆಯ್ದುಕೊಂಡು ಕೊನೆಗೆ ಬುರುಲ್ಸುನ್ ಮೇಲೆ ಬಂದು ನಿಂತಿತು. ಅವಳ ನಗುವಿಗಾಗಿ ಕಾಯಿತು.

ತನ್ನ ಕೆನ್ನೆಯ ಮಾಂಸ ಮೇಲಕ್ಕೆ ಏಳುತ್ತಿರುವುದು ಅವಳಿಗೆ ಗೊತ್ತಾಯಿತು. ಯಾರೂ ಏಳು ಎಂದಿರಲಿಲ್ಲ. ಕುದುರೆ ಲಗಾಮಿನ ಸದ್ದಿಗೆ ಕಿವಿ ನಿಮಿರಿಸುವಂತೆ, ತಾನಾಗಿಯೇ, ಆ ಕಣ್ಣು ಬಂದ ಕೂಡಲೇ ಕೆನ್ನೆ ಕೆಲಸಕ್ಕೆ ಹೊರಟಿತ್ತು. ಹಲ್ಲಿನ ಹಿಂದೆ ಒಂದು ಮಾತು ಕೂಡ ಸಿದ್ಧವಾಗಿತ್ತು, ಒಳ್ಳೆಯ ಮಾತೇ, ಎಲ್ಲರೂ ನಗುವಂಥದು. ಅವಳು ಏನೂ ಮಾಡಲಿಲ್ಲ. ಧೈರ್ಯವಲ್ಲ ಅದು, ಕೆನ್ನೆ ಏಳದಿದ್ದರೆ ಏನಾಗುತ್ತದೆ ಎಂದು ನೋಡಬೇಕೆನ್ನಿಸಿತು, ಅಷ್ಟೆ. ನಗು ಅವಳವರೆಗೆ ಬಂದು, ಹಿಡಿಯುವ ಕೈಯಿಲ್ಲದೆ, ಕೆಳಗೆ ಬಿತ್ತು. ಗರಡಿಯಲ್ಲಿ ಬೀಜ ಕಡಿಯುವ ಸದ್ದು ಮಾತ್ರ ಉಳಿಯಿತು.

"ಏನಮ್ಮಾ, ಹಲ್ಲು ನೋವಾ?" ಎಂದರು ಅಗಾಯ್.

"ಇಲ್ಲ ಅಗಾಯ್."

"ಮುಖ ನೋಡಿದ್ರೆ ಯಾರೋ ಸತ್ತ ಹಾಗಿದೆ." ಅವರು ಹುಡುಗರತ್ತ ತಿರುಗಿದರು. ಒಂದು ಕ್ಷಣ ಅವರಿಗೇ ದಾರಿ ಕಾಣದಂತಿತ್ತು. ಆಮೇಲೆ ಕಾಲು ತಾನಾಗಿಯೇ ಹಳೆಯ ಜಾಡಿಗೆ ಬಿತ್ತು. "ಈ ನಿಮ್ಮ ಎಜೆಗೆ ನಾವು ಏನಂತ ಕರೀತಿದ್ವಿ ಗೊತ್ತೇನ್ರೋ? ಅಪ್ಪನ ತಪ್ಪು! ಗಂಡು ಬೇಕು ಗಂಡು ಬೇಕು ಅಂತ ಅವರಪ್ಪ ಒಲೆಗೆ ರೊಟ್ಟಿ ಹಾಕಿದ್ದು, ಹೊರಗೆ ಬಂದದ್ದು ಇದು."

ನಗು ಮತ್ತೆ ಎದ್ದಿತು, ಈ ಸಲ ತಡವರಿಸುತ್ತ. ಹುಡುಗರು ಅರ್ಧ ನಕ್ಕು ನಿಲ್ಲಿಸಿದರು, ದೊಡ್ಡವರ ವಿಷಯ. ಆದರೆ ಒಂದು ನಗು ಮಾತ್ರ ಪೂರ್ತಿಯಾಗಿ, ಸ್ಪಷ್ಟವಾಗಿ, ಸ್ವಲ್ಪ ಎತ್ತರದಿಂದ ಕೇಳಿಸಿತು. ಬುರುಲ್ಸುನ್ ತಲೆಯೆತ್ತಿ ನೋಡಿದಳು. ತೂಕದ ಯಂತ್ರದ ಮೇಲೆ ನಿಂತ ಪೆರಿಜಾತ್ ನಗುತ್ತಿದ್ದಳು. ಕಣ್ಣೀರು ಇನ್ನೂ ಆರಿರಲಿಲ್ಲ, ಮೂಗು ಸುರಿಯುತ್ತಿತ್ತು, ಎರಡು ಕೈಯನ್ನೂ ಎದೆಗೆ ಅಡ್ಡ ಹಿಡಿದುಕೊಂಡು ನಗುತ್ತಿದ್ದಳು. ಎಂಥ ಹಗುರವಾದ ನಗು! ಹೊತ್ತ ಮೂಟೆಯನ್ನು ಬೇರೆ ಯಾರದೋ ಹೆಗಲಿಗೆ ದಾಟಿಸಿದವರ ನಗು. ಬುರುಲ್ಸುನ್‌ಗೆ ಸಿಟ್ಟು ಬರಲಿಲ್ಲ. ಮುಖ ಬಿಸಿಯಾದದ್ದು ನಿಜ. ಆದರೆ ಅದಕ್ಕಿಂತ ಮೇಲೆ, ತಣ್ಣಗೆ, ಒಂದು ತಿಳಿವಳಿಕೆ ಬಂದು ಕೂತಿತು. ನಾನು ಚಹಾಪುಡಿ ಎಂದಾಗ ನನ್ನ ನಗುವೂ ಹೀಗೇ ಇತ್ತು. ಆರು ವರ್ಷ ಅಲ್ಲಿ ನಿಂತಿದ್ದೆ. ಆಮೇಲೆ ಕೆಳಗಿಳಿದು, ಮೇಲೆ ಇನ್ನೊಬ್ಬಳು ಇದ್ದಾಳಲ್ಲ ಎಂದು ನಕ್ಕಿದ್ದೆ. ಅದನ್ನೇ ನಾನು ಇಷ್ಟು ದಿನ ಗಟ್ಟಿಯಾಗುವುದು ಎಂದುಕೊಂಡಿದ್ದೆ.

"ಅಗಾಯ್," ಎಂದಳು. ದನಿ ಎತ್ತರಿಸಲಿಲ್ಲ. "ಒಂದು ಕೇಳ್ಲಾ? ಇದ್ರಿಂದ ಅವಳು ಯಾವ ಪಟ್ಟು ಕಲೀತಾಳೆ?"

ಅದು ಸವಾಲಾಗಿದ್ದರೆ ಅಗಾಯ್ ಅದನ್ನು ಕ್ಷಣದಲ್ಲಿ ಚಿತ್ ಮಾಡಿಬಿಡುತ್ತಿದ್ದರು. ಸವಾಲುಗಳಿಗೆ ಅವರ ಬಳಿ ನೂರು ಮಾತು. ಅವಳು ನಿಜವಾಗಿಯೂ ಕೇಳುತ್ತಿದ್ದಳು, ಅವರಿಗೂ ಅದು ಗೊತ್ತಾಯಿತು.

"ಗಟ್ಟಿಯಾಗ್ತಾಳೆ," ಎಂದರು ಕೊನೆಗೆ.

"ಎಲ್ಲಿ?"

"ಎಲ್ಲಿ ಅಂದ್ರೆ? ಒಳಗೆ!"

"ನಾನು ಆಗಿಲ್ಲ ಅಗಾಯ್. ಕಾಲು ಗಟ್ಟಿಯಾಯ್ತು, ಕತ್ತು ಗಟ್ಟಿಯಾಯ್ತು, ಅದು ನೀವು ಕೊಟ್ಟಿದ್ದು. ಒಳಗೆ ಈಗ್ಲೂ ಹಾಗೇ ಇದೆ. ಈಗ ನೀವು ಆ ಹೆಸರು ಅಂದ್ರಲ್ಲ, ನೋಡಿ, ಕೈ ನಡುಗ್ತಿದೆ." ಅವಳು ಕೈ ಚಾಚಿ ತೋರಿಸಿದಳು. ಅದು ನಿಜವಾಗಿ ನಡುಗುತ್ತಿತ್ತು. ಎಲ್ಲರೂ ಆ ಕೈಯನ್ನು ನೋಡಿದರು. ಅಗಾಯ್ ಕೂಡ ನೋಡಿದರು, ಮೊಣಕಾಲನ್ನು ನೋಡುತ್ತಿದ್ದ ಹಾಗೇ, ತುಸು ಬಗ್ಗಿ. ಆಮೇಲೆ ಏನೋ ನೆನಪಾದವರಂತೆ ನೆಟ್ಟಗಾಗಿ, "ಸರಿ ಹಾಗಾದ್ರೆ. ನೀನೇ ಕಲಿಸು. ಎದೆಹಾಲು ಕುಡಿಸಿ ಕಲಿಸು" ಎಂದು ಹೊರಗೆ ಹೋದರು. ಬಾಗಿಲು ಬಡಿಯಲಿಲ್ಲ, ಮೆಲ್ಲಗೆ ಹಾಕಿಕೊಂಡು ಹೋದರು, ಅದರಿಂದಲೇ ಅವಳಿಗೆ ಹೆಚ್ಚು ಹೆದರಿಕೆಯಾಯಿತು.

ಆಮೇಲಿನ ಹೊತ್ತು ಅವಳು ಅಂದುಕೊಂಡಂತೆ ಏನೂ ಆಗಲಿಲ್ಲ. ಹುಡುಗರನ್ನು ಹೊರಗೆ ಕಳಿಸಿದಳು, ಅವರು ಗೊಣಗುತ್ತ ಹೋದರು. ಪೆರಿಜಾತಳನ್ನು ಕೆಳಗಿಳಿಸಿ ಜಾಕೆಟ್ ಕೊಟ್ಟಳು. ಮತ್ತೆ ಜೋಡಿಗಳಾಗಿ ನಿಲ್ಲಿ ಎಂದಳು. ಹುಡುಗಿಯರು ನಿಂತರು, ಆದರೆ ಗರಡಿಯಿಂದ ಏನೋ ಹೊರಟುಹೋಗಿತ್ತು. ಮೈ ಸಡಿಲ ಬಿಟ್ಟು ಒಬ್ಬರನ್ನೊಬ್ಬರು ತಳ್ಳಾಡಿದರು, ಪಿಸುಗುಟ್ಟಿದರು. ತಂಡದ ದೊಡ್ಡ ಹುಡುಗಿ ಝಿಪಾರ ಮ್ಯಾಟಿನ ಅಂಚಿನಲ್ಲಿ ಕೂತು ಶೂ ಬಿಚ್ಚತೊಡಗಿದಳು. "ಅಗಾಯ್ ಬಂದ್ಮೇಲೆ ಮಾಡೋಣ ಬಿಡಿ ಎಜೆ." ಹೆದರಿಕೆ ಇಲ್ಲದ ಮೇಲೆ ಈ ಮಕ್ಕಳು ಕುಸ್ತಿ ಆಡುವುದೇ ಇಲ್ಲವೇ? ಹಾಗಾದರೆ ಅವರು ಹೇಳುವುದೇ ಸರಿಯೇ? ಬುರುಲ್ಸುನ್ ಗಂಟಲಿನಿಂದ ಹೊರಟ ಕೂಗಿಗೆ ಅವಳೇ ಬೆಚ್ಚಿದಳು. "ಝಿಪಾರ, ಶೂ ಹಾಕು! ಆಯ್ಕೆ ನಂದಾ ನಿಂದಾ? ಪೆರಿಜಾತ್, ಬಾ ನಡುವೆ. ಸೊಂಟ ಇಳ್ಸು. ಇಳ್ಸೇ ಅಂದ್ರೆ!" ಅದು ಪೂರಾ ಅವರದೇ ದನಿ. ತಾನು ಈಗ ಎಲ್ಲಿ ನೋಡುತ್ತಿದ್ದೇನೆ ಎಂದು ಹೆದರುತ್ತ ಪರೀಕ್ಷಿಸಿಕೊಂಡಳು. ಹುಡುಗಿಯ ಎಡಗಾಲ ಹಿಮ್ಮಡಿಯನ್ನು ನೋಡುತ್ತಿದ್ದಳು: ಅದು ಮ್ಯಾಟಿನಿಂದ ಒಂದಿಷ್ಟು ಎದ್ದಿತ್ತು. ಓ, ತೊಂದರೆ ಸೊಂಟದ್ದಲ್ಲ, ಹಿಮ್ಮಡಿಯದು. ಅಗಾಯ್ ಇದನ್ನು ನೋಡಿರಲಿಲ್ಲ. "ಹಿಮ್ಮಡಿ ಊರು. ಆಮೇಲೆ ನುಗ್ಗು." ಹುಡುಗಿ ಊರಿದಳು, ನುಗ್ಗಿದಳು, ಶೂ ಹಾಕಿ ಎದುರಿಗೆ ಬಂದಿದ್ದ ಝಿಪಾರ ಏನಾಯಿತೆಂದು ತಿಳಿಯುವುದರೊಳಗೆ ಚಿತ್ತಾಗಿ ಮೇಲೆ ನೋಡುತ್ತಿದ್ದಳು. ಕೆಲವರು ನಕ್ಕರು. ಝಿಪಾರಳೂ ನಕ್ಕಳು. ಇದು ಬೇರೆ ನಗು, ಆದರೆ ಎಷ್ಟು ಬೇರೆ ಎಂದು ಅಳೆಯಲು ಅವಳಿಗೆ ಪುರುಸೊತ್ತಾಗಲಿಲ್ಲ.

ಬಟ್ಟೆ ಬದಲಿಸುವ ಕೋಣೆಯಲ್ಲಿ ಎಲ್ಲರೂ ಹೋದ ಮೇಲೂ ಪೆರಿಜಾತ್ ಬೆಂಚಿನ ಮೇಲೆ ಕೂತೇ ಇದ್ದಳು. ಕೃತಜ್ಞತೆಯ ಮಾತೊಂದು ಬರಬಹುದೆಂದು ಬುರುಲ್ಸುನ್ ಎಲ್ಲೋ ಒಳಗೆ ಕಾದಿದ್ದಳು. ಅದು ಅವಳಿಗೆ ಗೊತ್ತಾದದ್ದು ಹುಡುಗಿ ಸಿಟ್ಟಿನ ಕಣ್ಣಿನಲ್ಲಿ ತಲೆಯೆತ್ತಿದಾಗ.

"ನೀವು ಯಾಕೆ ಇವತ್ತು ನಗ್ಲಿಲ್ಲ?"

"ನಗು ಬರ್ಲಿಲ್ಲ."

"ದಿನಾ ಬರ್ತಿತ್ತಲ್ಲ."

ಬುರುಲ್ಸುನ್ ಪಕ್ಕದಲ್ಲಿ ಕೂತಳು. ಹುಡುಗಿ ಟವೆಲಿನ ಅಂಚನ್ನು ಬೆರಳಿಗೆ ಸುತ್ತಿ ಬಿಚ್ಚುತ್ತಿದ್ದಳು. "ನೀವು ನಗ್ತಿದ್ರಲ್ಲ ಎಜೆ, ಅದಕ್ಕೇ ನಾನು ಅದನ್ನ ತಮಾಷೆ ಅಂದ್ಕೊಂಡಿದ್ದೆ. ಹುಡುಗ್ರು ನಕ್ರೆ ನಕ್ಕೊಳ್ಳಲಿ, ಅವ್ರು ಪೆದ್ದರು. ನೀವು ಕಂಚು ಗೆದ್ದೋರು. ನೀವೇ ನಗ್ತೀರಿ ಅಂದ್ರೆ ಇದು ಕುಸ್ತಿಲಿ ಇರೋದೇ, ನಂಗೇ ತಡ್ಕೊಳ್ಳೋಕೆ ಬರಲ್ಲ, ಅಂತ. ಇವತ್ತು ನೀವು ನಗ್ಲಿಲ್ಲ. ಆಗ ಗೊತ್ತಾಯ್ತು, ಅದು ತಮಾಷೆ ಅಲ್ಲ. ಇಷ್ಟು ದಿನದ್ದೂ ತಮಾಷೆ ಅಲ್ಲ." ಅವಳು ಟವೆಲನ್ನು ಬೆಂಚಿನ ಮೇಲೆಸೆದಳು. "ಈಗ ಅದನ್ನೆಲ್ಲ ಏನ್ ಮಾಡ್ಲಿ ನಾನು?"

ಬುರುಲ್ಸುನ್‌ಗೆ ಇಷ್ಟು ವರ್ಷದಲ್ಲಿ ತನ್ನದನ್ನೇ ಏನು ಮಾಡಬೇಕೆಂದು ಗೊತ್ತಾಗಿರಲಿಲ್ಲ. "ಚಹಾಪುಡಿ ಅಂತ ಅಂದಿದ್ದು ನಾನು," ಎಂದಳು. "ಅದನ್ನ ಅಗಾಯ್ ಲೆಕ್ಕಕ್ಕೆ ಹಾಕ್ಬೇಡ. ನಂದು."

"ಗೊತ್ತು. ನಂಗೆ ನೆನಪಿದೆ." ಆಮೇಲೆ ಅವಳೇ, ನೆಲ ನೋಡುತ್ತ, "ನಾನೂ ನಿಮ್ಮನ್ನ ನೋಡಿ ನಕ್ಕೆ."

"ಕೇಳಿಸ್ತು."

"ಬೇಕಂತ ನಗ್ಲಿಲ್ಲ."

"ಅದೂ ಗೊತ್ತು."

ಹೊರಗೆ ಎಲೆ ಉದುರಿದ ಪಾಪ್ಲರ್ ಮರಗಳ ಕೆಳಗೆ ತೊಲೊಗೊನ್ ಅಗಾಯ್ ಕಲ್ಲಿನ ಕಟ್ಟೆಯ ಮೇಲೆ ಕೂತಿದ್ದರು. ಟೋಪಿ ತೆಗೆದು ತೊಡೆಯ ಮೇಲಿಟ್ಟಿದ್ದರು. ಟೋಪಿಯಿಲ್ಲದ ತಲೆ ಚಿಕ್ಕದಾಗಿ, ಬೇರೆ ಯಾರದೋ ಎಂಬಂತೆ ಕಾಣುತ್ತಿತ್ತು. ಅವಳು ತುಸು ದೂರ ಬಿಟ್ಟು ಕೂತಳು. ಅವರು ಅವಳ ಕಡೆ ತಿರುಗದೆ ಮಾತಾಡಿದರು. "ನಮ್ಮ ಅಗಾಯ್ ಬೆಲ್ಟ್ ಬಿಚ್ಚಿ ಬಾರಿಸ್ತಿದ್ರು. ಬಕಲ್ ಇರೋ ಕಡೆಯಿಂದ. ಬೆನ್ನಲ್ಲಿ ಈಗ್ಲೂ ಇದೆ. ಕೋಚ್ ಆದ ದಿನ ಅಂದ್ಕೊಂಡೆ, ಒಂದು ಮಗು ಮೇಲೂ ಕೈ ಎತ್ತಲ್ಲ ಅಂತ. ಎತ್ತಿದೀನಾ? ಹೇಳು."

"ಇಲ್ಲ ಅಗಾಯ್."

"ನಾಲಿಗೆ ಅಷ್ಟೆ. ನಾಲಿಗೆಗೆ ಎಲುಬಿಲ್ಲ, ಏನೋ ಆಡುತ್ತೆ." ಅವರು ಟೋಪಿಯ ಅಂಚು ಸವರಿದರು. "ನಿನ್ನನ್ನ ಆ ಹೆಸರಿಂದ ಕರೀದೆ ಇದ್ದಿದ್ರೆ ಆ ಪದಕ ಬರ್ತಿತ್ತಾ?"

"ಅದೇ ನಂಗೂ ತಿಳೀಬೇಕಾಗಿದೆ. ತಿಳಿಯೋ ದಾರಿ ಇಲ್ಲ. ಇನ್ನೊಂದ್ಸಲ ಹುಟ್ಟಿ ಬಂದು ನೋಡೋಕಾಗುತ್ತಾ?" ಅವಳು ಕೈಗಳನ್ನು ಕೋಟಿನ ತೋಳಿನೊಳಗೆ ಸೇರಿಸಿಕೊಂಡಳು. ಹೇಳಬೇಕೋ ಬೇಡವೋ ಎಂದು ಯೋಚಿಸಿದಳು. "ಒಂದು ಮಾತ್ರ ಕಂಡೆ ಇವತ್ತು. ಕಲಿಸೋವಾಗ ನೀವು ಅವಳ ಸೊಂಟ ನೋಡ್ತೀರಿ. ಎಷ್ಟು ಬೈದ್ರೂ ಅಲ್ಲೇ ನೋಡ್ತೀರಿ. ಆಡ್ಕೊಳ್ಳೋವಾಗ ಅವಳನ್ನ ನೋಡಲ್ಲ. ನಮ್ಮನ್ನ ನೋಡ್ತೀರಿ. ಹುಡುಗರನ್ನ. ನನ್ನನ್ನ."

"ನೋಡ್ತೀನಾ?"

ಅವರು ತಿರುಗಿ ಕೇಳಿದ ರೀತಿಯಲ್ಲಿ ಸಿಟ್ಟಿರಲಿಲ್ಲ. ತನ್ನ ಬೆನ್ನ ಮೇಲೆ ಮಚ್ಚೆಯಿದೆಯೆಂದು ಮೊದಲ ಸಲ ಕೇಳಿದ ಮನುಷ್ಯನ ಮುಖ ಅದು. "ನೋಡ್ತೀರಿ," ಎಂದಳು. ಅವರು ಟೋಪಿ ಎತ್ತಿ ತಲೆಗೆ ಹಾಕಿಕೊಂಡರು. "ತನ್ನ ಕಣ್ಣು ಎಲ್ಲಿಗೆ ಹೋಗುತ್ತೆ ಅಂತ ಮನುಷ್ಯನಿಗೆ ಹ್ಯಾಗೆ ಗೊತ್ತಾಗ್ಬೇಕು?" ಎಂದು ಅವಳನ್ನಲ್ಲ, ಯಾರನ್ನೋ ಕೇಳಿದಂತೆ ಕೇಳಿದರು. ಆಮೇಲೆ ಮೊಣಕಾಲಿಗೆ ಕೈಕೊಟ್ಟು ಎದ್ದು, ಹುಡುಗರ ತಂಡವನ್ನು ಕೂಗುತ್ತ ಒಳಗೆ ಹೋದರು. ತಪ್ಪಾಯಿತು ಎನ್ನಲಿಲ್ಲ. ಅನ್ನುತ್ತಾರೆಂದು ಅವಳೂ ಅಂದುಕೊಂಡಿರಲಿಲ್ಲ.

ಬಜಾರು ಮುಚ್ಚುವ ಹೊತ್ತಿಗೆ ಅವಳು ಸಾಬಿರಾಳ ಕೋಣೆಗೆ ಹೋದಳು. ಸಾಬಿರಾ ಹೊಲಿಗೆ ಯಂತ್ರ ನಿಲ್ಲಿಸದೆ ತಲೆಯಾಡಿಸಿ ಕೂರು ಎಂದಳು. ಬುರುಲ್ಸುನ್ ನಿಂತೇ ಹೇಳಿದಳು. "ಬೆಳಿಗ್ಗೆ ನಾನು ಸುಳ್ಳು ಹೇಳ್ದೆ ಎಜೆ. ವಯಸ್ಸಲ್ಲ. ಅಗಾಯ್ ಅವಳಿಗೆ ಸಮೊವಾರ್ ಅಂತ ಹೆಸರಿಟ್ಟಿದ್ದಾರೆ. ನಾನೂ ಸೇರ್ಕೊಂಡು ನಗ್ತಿದ್ದೆ. ಅವರು ಕಲಿಸ್ತಾರೆ, ಚೆನ್ನಾಗೇ ಕಲಿಸ್ತಾರೆ. ಕಾಡ್ತಾರೆ ಕೂಡ. ಎರಡೂ ಒಂದೇ ಮಧ್ಯಾಹ್ನ, ಒಂದೇ ಬಾಯಿಂದ." ಯಂತ್ರ ನಿಂತಿತು. ಸಾಬಿರಾ ಬಟ್ಟೆಯನ್ನು ಸೂಜಿಯ ಕೆಳಗಿಂದ ಎಳೆದು, ದಾರವನ್ನು ಹಲ್ಲಿನಿಂದ ಕಡಿದಳು. ಬಯ್ಯಬಹುದು, ಹೊರಗೆ ಹೋಗು ಎನ್ನಬಹುದು. ಬುರುಲ್ಸುನ್ ಎರಡಕ್ಕೂ ಸಿದ್ಧಳಾಗಿ ನಿಂತಿದ್ದಳು. ಸಾಬಿರಾ ಕೇಳಿದ್ದು, "ನೀನ್ಯಾಕೆ ನಕ್ಕೆ?" ಎಂದು ಮಾತ್ರ. ಅದೂ ಸಹ, ಬೆಳಗಿನ ಹಾಗೇ, ತಿಳಿದುಕೊಳ್ಳಬೇಕೆಂಬ ದನಿಯಲ್ಲಿ. "ನಗ್ದಿದ್ರೆ ಮತ್ತೆ ನಂಗೇ ಬರುತ್ತೆ ಅಂತಿರಬೇಕು," ಎಂದಳು ಬುರುಲ್ಸುನ್. "ಇವತ್ತು ಬಂತು." ಸಾಬಿರಾ ಬಟ್ಟೆಯನ್ನು ಸೂಜಿಯ ಕೆಳಗೆ ತಳ್ಳಿದಳು. "ನಾಳೆ ಕಳಿಸ್ಲೋ ಬೇಡ್ವೋ ನಾನು ಹೇಳಲ್ಲ. ಅವಳೇ ಹೇಳ್ಲಿ," ಎಂದು ಮತ್ತೆ ಯಂತ್ರಕ್ಕೆ ಕಾಲಿಟ್ಟಳು.

ಮರುದಿನ ಹುಡುಗಿ ಬಂದಳು. ಎಲ್ಲರಿಗಿಂತ ಕೊನೆಗೆ, ಓಡುವ ಸಾಲಿನ ಬಾಲದಲ್ಲಿ ಸೇರಿಕೊಂಡಳು. ಅಗಾಯ್ ಎಂದಿನ ಜಾಗದಲ್ಲೇ ನಿಂತಿದ್ದರು, ಎಂದಿನಂತೆಯೇ ಕೂಗಾಡಿದರು, ಝಿಪಾರಳ ಕುಲಗೋತ್ರವನ್ನೆಲ್ಲ ಜಾಲಾಡಿದರು. ಬುರುಲ್ಸುನ್ ಕಡೆ ಒಮ್ಮೆಯೂ ತಿರುಗಲಿಲ್ಲ. ಏನೂ ಬದಲಾಗಿಲ್ಲವೇನೋ, ಇವತ್ತೇ ಕೆಲಸ ಹೋಗುತ್ತದೇನೋ ಎಂದುಕೊಳ್ಳುತ್ತ ಅವಳು ಹಗ್ಗ ಸುತ್ತುತ್ತಿದ್ದಳು. ಜೋಡಿ ಕುಸ್ತಿಯ ಹೊತ್ತು ಬಂತು. ಅಗಾಯ್ ಮ್ಯಾಟಿನ ನಡುವೆ ಬೆರಳು ತೋರಿಸಿ, ಸಾಲಿನತ್ತ ಕೈ ನೀಡಿ, "ಬಾರೇ..." ಎಂದು ಬಾಯಿ ತೆರೆದರು.

ಅಲ್ಲಿಗೆ ಮಾತು ನಿಂತಿತು. ಗರಡಿಗೆಲ್ಲ ಗೊತ್ತಿದ್ದ ಹೆಸರು ನಾಲಿಗೆಯ ತುದಿಗೆ ಬಂದದ್ದು, ಅವರು ಅದನ್ನು ನುಂಗಿಕೊಂಡದ್ದು, ಗಂಟಲಿನಲ್ಲಿ ಕಾಣಿಸಿತು. ಆಮೇಲೆ ಅದರ ಜಾಗಕ್ಕೆ ಇನ್ನೊಂದನ್ನು ಹುಡುಕಿದರು. ಹುಬ್ಬು ಗಂಟಿಕ್ಕಿತು. ಚಾಚಿದ ಕೈ ಗಾಳಿಯಲ್ಲಿ ಉಳಿಯಿತು. ಇನ್ನೊಂದು ಹೆಸರು ಅವರ ಬಳಿ ಇರಲಿಲ್ಲ. ಶಾಲೆ ಶುರುವಾದ ದಿನದಿಂದ ಮರಗಳ ಎಲೆ ಉದುರಿದ ಈ ಹೊತ್ತಿನವರೆಗೆ ದಿನವೂ ಆ ಹುಡುಗಿಯನ್ನು ಬೀಳಿಸಿ, ಎಬ್ಬಿಸಿ, ತೂಗಿ ನೋಡಿದ ಮನುಷ್ಯನಿಗೆ ಅವಳ ಹೆಸರು ಗೊತ್ತಿರಲಿಲ್ಲ. ಅವರ ಮುಖಕ್ಕೆ ನಿಧಾನವಾಗಿ ಕೆಂಪು ಏರಿತು, ಮೊದಲು ಆ ಜಜ್ಜಿದ ಕಿವಿಗೆ. ಬುರುಲ್ಸುನ್‌ಗೆ ಹೆಸರು ಗೊತ್ತಿತ್ತು, ಬಾಯಿಯವರೆಗೆ ಬಂದಿತ್ತು, ಕೂಗಿ ಹೇಳಿ ಮುದುಕನನ್ನು ಬಿಡಿಸಿಬಿಡೋಣವೆಂದು ಕಾಲು ಒಂದು ಹೆಜ್ಜೆ ಮುಂದೆ ಕೂಡ ಹೋಗಿತ್ತು. ಅವಳು ಹಗ್ಗ ಹಿಡಿದು ನಿಂತಳು. ಯಾರೂ ನಗಲಿಲ್ಲ.

ಸಾಲಿನಿಂದ ಹುಡುಗಿ ತಾನೇ ಹೊರಬಂದಳು. ಮ್ಯಾಟಿನ ನಡುವೆ ಹೋಗಿ, ಅವರ ಎದುರಿಗೆ ನಿಂತು, ತಲೆಯೆತ್ತಿ, "ಪೆರಿಜಾತ್, ಅಗಾಯ್," ಎಂದಳು.